ಶಾರ್ಟ್ ಗೇಮ್ ಕ್ಲಾಸು: ಚಿಪ್ಪಿಂಗ್‌ಗೆ ಸೈ, ಬಂಕರ್‌ಗೆ ಅಷ್ಟಕ್ಕಷ್ಟೇ

ಬೆಂಗಳೂರಿನ ಹೊರಗಡೆ ಒಂದು ಗಾಲ್ಫ್ ಡ್ರೈವಿಂಗ್ ರೇಂಜ್‌ನಲ್ಲಿ ಶಾರ್ಟ್ ಗೇಮ್‌ಗೆ (ಬಾಲನ್ನ ಚೂರು ಎತ್ತಿ ಉರುಳಿಸೋ ಚಿಪ್ಪಿಂಗ್, ಮರಳಗುಂಡಿ ಅಂದ್ರೆ ಬಂಕರ್ ಇಂದ ಹೊಡೆಯೋದು, ಹೀಗೆ ಗುಳಿ ಹತ್ರದ ಸಣ್ಣ ಹೊಡೆತಗಳಿಗೆ) ಅಂತಾನೇ 4 ಕ್ಲಾಸಿನ ಪ್ಯಾಕೇಜ್ ಇದೆ, ಮೊನ್ನೆ ಮುಗಿಸ್ದೆ. ಹೆಸರು ಹಾಕಲ್ಲ, ಯಾಕಂದ್ರೆ ಕೊನೇಲಿ ಸ್ವಲ್ಪ ಬೈಯೋದೂ ಇದೆ. ನನ್ನ ಕಥೆ ಏನಂದ್ರೆ ಡ್ರೈವ್ (ಮೊದಲ ಉದ್ದ ಹೊಡೆತ) ಪರವಾಗಿಲ್ಲ, ಗ್ರೀನ್ (ಗುಳಿ ಇರೋ ನುಣುಪು ಹುಲ್ಲು) ಹತ್ರ ಹೆಂಗೋ ಬಂದ್ಬಿಡ್ತೀನಿ, ಅಲ್ಲಿಂದ 15 ಗಜ ದಾಟೋಕೆ ನಾಲ್ಕು ಹೊಡೆತ! ಒಂದ್ಸಲ ನೆಲಕ್ಕೆ ಗುದ್ದಿ ಬಾಲು ಎರಡಡಿ ಹೋಗುತ್ತೆ, ಮುಂದಿನ್ದು ಬಾಲಿನ ಹೊಟ್ಟೆಗೇ ತಾಗಿ ಗ್ರೀನ್ ಹಾರಿ ಆಚೆ ಪೊದೆ ಸೇರುತ್ತೆ. ಫ್ರೆಂಡ್ ಜೊತೆ ಗೆಸ್ಟ್ ಆಗಿ ಆಡೋಕೆ ಹೋದಾಗ ಕ್ಯಾಡಿ "ಸಾರ್, ಇಲ್ಲಿಂದ್ಲೇ ಪಟರ್ ಕೊಡ್ಲಾ?" ಅಂದ. ಪಟರ್ ಅಂದ್ರೆ ಬಾಲನ್ನ ಬರೀ ಉರುಳ್ಸೋ ಕ್ಲಬ್ (ಗಾಲ್ಫ್ ಕೋಲು). ಅವತ್ತೇ ಸಂಜೆ ದುಡ್ಡು ಕಟ್ಟಿದೆ.

ಮೊದಲ ಕ್ಲಾಸಲ್ಲಿ ಕೋಚ್ ನನ್ನ 56 ಡಿಗ್ರಿ ವೆಜ್ (ಬಾಲನ್ನ ಮೇಲಕ್ಕೆತ್ತೋ ಓರೆ ಮುಖದ ಕ್ಲಬ್) ಈಸ್ಕೊಂಡು ತಿರುಗಿಸಿ ಅದರ ಅಡಿಭಾಗದ ಮೇಲೆ ಹೆಬ್ಬೆರಳು ಸವರಿ, "ಸರ್, ಇದು ಗುದ್ದಲಿ ಅಲ್ಲ" ಅಂದ್ರು. ಅಂಚಿಗಿಂತ ಅದರ ಹಿಂದಿನ ಉಬ್ಬು ಸ್ವಲ್ಪ ಕೆಳಗಿರುತ್ತೆ, ಅದೇ ಬೌನ್ಸ್, ಅದು ನೆಲದ ಮೇಲೆ ಜಾರ್ಬೇಕು. ನಾನು ಯಾವ್ದೋ ವಿಡಿಯೋ ನೋಡಿ ಕೈ ತುಂಬಾ ಮುಂದಕ್ಕೆ ತಳ್ತಿದ್ದೆ, ಹಂಗೆ ಮಾಡಿದ್ರೆ ಉಬ್ಬು ಮೇಲೆದ್ದು ಅಂಚು ನೇರ ಮಣ್ಣಿಗೆ ಇಳಿಯುತ್ತಂತೆ. ಕಾಲು ಹತ್ತಿರ, ಭಾರ ಎಡಗಾಲ ಮೇಲೆ, ಕೈ ಚೂರೇ ಚೂರು ಮುಂದೆ, ಇಷ್ಟೇ ಹೇಳಿದ್ದು. 10 ಬಾಲ್ ಆಗೋಷ್ಟ್ರಲ್ಲಿ ಧಪ್ ಅಂತಿದ್ದ ಸೌಂಡು ಟಿಕ್ ಅನ್ನೋಕೆ ಶುರುವಾಯ್ತು.

ಎರಡನೇ ಕ್ಲಾಸೇ ಪೈಸಾ ವಸೂಲ್. ಗ್ರೀನ್ ಮೇಲೆ ಒಂದು ಕೈ ಒರೆಸೋ ಟವೆಲ್ ಹಾಸಿ, ಬಾವುಟ ನೋಡ್ಬೇಡಿ, ಟವೆಲ್ ಮೇಲೆ ಬೀಳ್ಸಿ ಸಾಕು ಅಂದ್ರು. ಸ್ವಿಂಗ್ ಅದೇ, ಕ್ಲಬ್ ಮಾತ್ರ ಬೇರೆ, ಮುಖದ ಓರೆ ಕಮ್ಮಿ ಆದಷ್ಟೂ ಉರುಳೋದು ಜಾಸ್ತಿ: 56ರಲ್ಲಿ ಬಾಲು ಹಾರಿದಷ್ಟೇ ಉರುಳುತ್ತೆ, ಪಿಚಿಂಗ್ ವೆಜ್‌ನಲ್ಲಿ ಹೆಚ್ಚುಕಮ್ಮಿ ಎರಡರಷ್ಟು, 8 ಐರನ್ ಅಂತೂ ಉರುಳ್ತಾನೇ ಇರುತ್ತೆ. ನಾನು ಇಷ್ಟು ವರ್ಷ ಸಾರಿಗೂ ಪಲ್ಯಕ್ಕೂ ಒಂದೇ ಸೌಟು ಹಾಕ್ತಿದ್ದೆ.

ಈಗ ಬೈಗುಳ. ಮೂರನೇ ಕ್ಲಾಸು ಪೂರ್ತಿ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಮೇಲೆ. ಮ್ಯಾಟ್ ಸುಳ್ಳು ಹೇಳುತ್ತೆ ಕಣ್ರೀ, ಬಾಲಿಗಿಂತ ಎರಡಿಂಚು ಹಿಂದೆ ಬಿದ್ರೂ ಕ್ಲಬ್ ಜಾರ್ಕೊಂಡು ಹೋಗಿ ಬಾಲು ಚೆನ್ನಾಗೇ ಹಾರುತ್ತೆ, ಅದನ್ನೇ ಹುಲ್ಲಲ್ಲಿ ಮಾಡಿದ್ರೆ ಅರ್ಧ ಕೆಜಿ ಮಣ್ಣು ಎದ್ದು ಬರುತ್ತೆ. 1876ರಲ್ಲೇ ಗಾಲ್ಫ್ ಕ್ಲಬ್ ಶುರುವಾದ ಊರು ಇದು, ಮೆಂಬರ್ ಅಲ್ಲದ ನಮ್ಮಂಥೋರು ಹುಲ್ಲಿಗೆ ಪರದಾಡ್ಬೇಕು. ಬಂಕರ್ ಕ್ಲಾಸು ಇನ್ನೂ ಕಷ್ಟ, ಹಿಂದಿನ ರಾತ್ರಿ ಮಳೆ ಬಂದು ಮರಳು ಸಿಮೆಂಟ್ ಥರ ಗಟ್ಟಿಯಾಗಿತ್ತು, ಅದಕ್ಕೇ ಅರ್ಧ ಟೈಮು ಕಥೆ ಕೇಳಿದ್ದಾಯ್ತು. ಕಥೆ ಏನೋ ಚೆನ್ನಾಗಿತ್ತು: ಅಮೆರಿಕದ ಹಳೇ ಗಾಲ್ಫ್ ಆಟಗಾರ ಜೀನ್ ಸಾರಜೆನ್ ವಿಮಾನ ಮೇಲೇರೋದು ನೋಡಿ ಐಡಿಯಾ ಹೊಳೆದು, ಕ್ಲಬ್ ಅಡಿಗೆ ಬೆಸುಗೆ ಹಾಕಿ ದಪ್ಪ ಮಾಡ್ಕೊಂಡು, ಅದೇ ವೆಜ್ ಹಿಡ್ಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದನಂತೆ. ನಾನು ಮಾತ್ರ ಇನ್ನೂ ಮರಳಲ್ಲೇ ಇದೀನಿ.

5ಕ್ಕೆ ಮೂರೂವರೆ ಕೊಡ್ತೀನಿ. ಸೇರೋದಾದ್ರೆ ಬೆಳಗ್ಗೆ 6.30ರ ಸ್ಲಾಟ್ ತಗೊಳ್ಳಿ, 8 ಆದ್ಮೇಲೆ ಚಿಪ್ಪಿಂಗ್ ಗ್ರೀನ್ ತುಂಬಾ ಮಕ್ಕಳ ಬ್ಯಾಚ್ ಇರುತ್ತೆ. ಮ್ಯಾಟ್ ಬೇಡ ಅಂತ ಮೊದಲೇ ಹೇಳ್ಬಿಡಿ. ಟವೆಲ್ ನೀವೇ ತಗೊಂಡ್ಹೋಗಿ, ಅಲ್ಲಿರೋದು ನೋಡೋ ಹಾಗಿಲ್ಲ.