ಮುರಿದ ಎಕ್ಸಾಸ್ಟ್ ಸ್ಟಡ್ ತೆಗೆಯಲು ಯಾವ ಟೂಲ್: ಈಜಿ ಔಟ್, ಲೆಫ್ಟ್ ಹ್ಯಾಂಡ್ ಬಿಟ್, ಇಲ್ಲ ವೆಲ್ಡ್ ಮಾಡಿದ ನಟ್?

ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು (ಹೊಗೆ ಹೊರಹೋಗುವ ಕೊಳವೆಗಳ ಜೋಡಣೆ) ಎಂಜಿನ್ ಹೆಡ್‌ಗೆ ಹಿಡಿದಿಡುವ, ಥ್ರೆಡ್ ಇರುವ ಕಡ್ಡಿಯೇ ಸ್ಟಡ್. ಟೂಲ್ ಕೈಗೆತ್ತಿಕೊಳ್ಳುವ ಮೊದಲು ಸ್ಟಡ್ ಮುರಿದ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಕಪ್ಪಾಗಿ, ತುಕ್ಕು ಹಿಡಿದಿದ್ದರೆ ಅದು ಗಾಡಿ ಓಡುವಾಗಲೇ ಮುರಿದದ್ದು. ಮ್ಯಾನಿಫೋಲ್ಡ್ ಕಾದಾಗ ಉದ್ದಕ್ಕೆ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಈ ಎಳೆದಾಟದಲ್ಲಿ ಹೆಚ್ಚಾಗಿ ಹೋಗುವುದು ಎರಡೂ ತುದಿಯ ಸ್ಟಡ್‌ಗಳು. ಇಂಥವು ಹೆಡ್ ಒಳಗೆ ಅಷ್ಟೇನೂ ಬಿಗಿದಿರುವುದಿಲ್ಲ. ಮುರಿದ ಮುಖ ಬೆಳ್ಳಗೆ ಹೊಳೆಯುತ್ತಿದ್ದರೆ ಸ್ಪ್ಯಾನರ್ ಹಾಕಿ ತಿರುಗಿಸುವಾಗ ತುಂಡಾದದ್ದು ಎಂದರ್ಥ. ಒಳಗಿನ ಥ್ರೆಡ್ ಅಷ್ಟು ಗಟ್ಟಿ ಹಿಡಿದಿದೆ. ಎರಡಕ್ಕೂ ಒಂದೇ ಟೂಲ್ ಹಾಕಲು ಹೋದರೆ ಕೆಲಸ ಕೆಡುತ್ತೆ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ಅಲ್ಯೂಮಿನಿಯಂ ಹೆಡ್‌ನಲ್ಲಿ ಕೂತ ಎಂ8 × 1.25 ಸ್ಟಡ್, ಅಂದರೆ 8 ಎಂಎಂ ದಪ್ಪ, ಥ್ರೆಡ್‌ನಿಂದ ಥ್ರೆಡ್‌ಗೆ 1.25 ಎಂಎಂ.

ಹೊರಗೆ 13-14 ಎಂಎಂ ಥ್ರೆಡ್ ಉಳಿದಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಲಾಕ್ ಮಾಡಿ, ಒಳಗಿನ ನಟ್‌ಗೆ ಸ್ಪ್ಯಾನರ್ ಕೊಟ್ಟು ಬಿಚ್ಚಿ. ಅದಕ್ಕಿಂತ ಕಡಿಮೆ ಇದ್ದರೆ ರೋಲರ್ ಅಥವಾ ಕಾಲೆಟ್ ಮಾದರಿಯ ಸ್ಟಡ್ ಎಕ್ಸ್‌ಟ್ರಾಕ್ಟರ್. ಅದು ಸುತ್ತಲೂ ಹಿಡಿಯುತ್ತೆ. ಒಂದೇ ಪಕ್ಕ ಕಚ್ಚುವ ಕ್ಯಾಮ್ ಮಾದರಿ ಸ್ಟಡ್ಡನ್ನು ಬಗ್ಗಿಸುತ್ತೆ, ಬಗ್ಗಿದ್ದು ಮತ್ತೆ ಮುರಿಯುತ್ತೆ. ವೈಸ್ ಗ್ರಿಪ್ ಎಲ್ಲರ ಬಳಿಯೂ ಇರುತ್ತೆ, ಆದರೆ ಮೊದಲ ಹಿಡಿತಕ್ಕೇ ಕದಲದಿದ್ದರೆ ಬಿಟ್ಟುಬಿಡಿ. ಜಾರಿದಷ್ಟೂ ಸ್ಟಡ್ ಸವೆದು ಮುಂದಿನ ಟೂಲ್‌ಗೆ ಹಿಡಿತವೇ ಉಳಿಯುವುದಿಲ್ಲ.

ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. ಆದ್ದರಿಂದ ಗ್ಯಾಸ್ ಟಾರ್ಚ್ ಇದ್ದರೆ ಬಿಸಿ ಕೊಡಬೇಕಾದ್ದು ಸ್ಟಡ್ಡಿಗಲ್ಲ, ಸುತ್ತಲಿನ ಹೆಡ್‌ಗೆ. ಜ್ವಾಲೆ ಒಂದೇ ಕಡೆ ನಿಲ್ಲಬಾರದು. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ಹೆಡ್‌ನ ಮಿಶ್ರಲೋಹ 660 ಡಿಗ್ರಿಗೂ ಮೊದಲೇ ಸುಮ್ಮನೆ ಕರಗಿ ಇಳಿಯುತ್ತೆ. ಪೆನಿಟ್ರೇಟಿಂಗ್ ಆಯಿಲ್ (ತುಕ್ಕು ಸಡಿಲಿಸುವ ಎಣ್ಣೆ) ಹಾಕಿದ್ದರೆ ಮೊದಲು ಪೂರ್ತಿ ಒರೆಸಿ, ಇಲ್ಲದಿದ್ದರೆ ಬೆಂಕಿ ಹತ್ತೀತು. ಇಂಡಕ್ಷನ್ ಹೀಟರ್‌ನ (ವಿದ್ಯುತ್ತಿನಿಂದ ಲೋಹ ಕಾಯಿಸುವ ಸಾಧನ) ಕಾಯಿಲ್, ತುಕ್ಕು ಹಿಡಿದು ಕೂತ ನಟ್ ಬಿಚ್ಚಲು ಬಲು ಚೆನ್ನ, ಹೆಡ್‌ನ ಮುಖಕ್ಕೆ ಸಮನಾಗಿ ಮುರಿದ ಸ್ಟಡ್ಡಿಗೆ ನಿಷ್ಪ್ರಯೋಜಕ.

ನಿಜವಾದ ಪೈಪೋಟಿ ಇರುವುದು ಸಮನಾಗಿ ಮುರಿದದ್ದರಲ್ಲೇ.

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಸುರುಳಿ ಈಜಿ ಔಟ್, ಅಂದರೆ ಸ್ಟಡ್ಡಿನ ನಡುವೆ ಕೊರೆದ ತೂತಿಗೆ ತೂರಿಸಿ ಎಡಕ್ಕೆ ತಿರುಗಿಸುವ ಎಕ್ಸ್‌ಟ್ರಾಕ್ಟರ್. ಈ ಕೆಲಸಕ್ಕೆ ಅತಿ ಕೆಟ್ಟ ಆಯ್ಕೆಯೂ ಅದೇ. 8 ಎಂಎಂ ಸ್ಟಡ್ಡೇ ತಾಳದೆ ತುಂಡಾದ ಟಾರ್ಕನ್ನು ಅದರೊಳಗೆ ಕೂತ 4-5 ಎಂಎಂ ಹಾರ್ಡ್ ಸ್ಟೀಲ್ ಹೇಗೆ ತಾಳೀತು? ಮೇಲಾಗಿ ಅದು ಬೆಣೆಯಾಕಾರ. ಬಿಗಿದಷ್ಟೂ ಸ್ಟಡ್ಡಿನ ತೆಳು ಗೋಡೆಯನ್ನು ಹೊರಕ್ಕೆ ಒತ್ತಿ ಇನ್ನೂ ಬಿಗಿ ಮಾಡುತ್ತೆ. ಒಳಗೆ ಮುರಿಯಿತೋ, ಎಚ್‌ಎಸ್‌ಎಸ್ (ಸಾಮಾನ್ಯ ಹೈ ಸ್ಪೀಡ್ ಸ್ಟೀಲ್) ಬಿಟ್ ಅದರ ಮೇಲೆ ಜಾರುತ್ತೆ. ಸಾಲಿಡ್ ಕಾರ್ಬೈಡ್ ಬಿಟ್ ಬೇಕು, ಇಲ್ಲವೇ ಹೆಡ್ ಇಳಿಸಿ ಬೆಂಗಳೂರಿನ ಪೀಣ್ಯದಂಥ ಕಡೆ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು) ಮಾಡುವವರನ್ನು ಹುಡುಕಬೇಕು. ಮುರಿದ ಮುಖ ಕಪ್ಪಾಗಿದ್ದ ಸಡಿಲ ಸ್ಟಡ್ಡಿಗೆ ಮಾತ್ರ ಹೀಗೆ ಒಳಗೆ ತೂರಿಸುವ ಎಕ್ಸ್‌ಟ್ರಾಕ್ಟರ್ ಸರಿ. ಅದರಲ್ಲೂ ನೇರ ಗೀರುಗಳ ಮಲ್ಟಿ ಸ್ಪ್ಲೈನ್ ಮಾದರಿಯೇ ಮೇಲು, ಅದು ಸ್ಟಡ್ಡನ್ನು ಅಷ್ಟು ಹಿಗ್ಗಿಸುವುದಿಲ್ಲ.

ಲೆಫ್ಟ್ ಹ್ಯಾಂಡ್ ಕೋಬಾಲ್ಟ್ ಬಿಟ್ ಇದಕ್ಕಿಂತ ಎಷ್ಟೋ ವಾಸಿ. ಡ್ರಿಲ್ ರಿವರ್ಸ್‌ನಲ್ಲಿರುತ್ತೆ, ಆದ್ದರಿಂದ ಕೊರೆಯುವ ಬಲವೇ ಬಿಚ್ಚುವ ಬಲ. ಸಡಿಲವಿದ್ದ ಸ್ಟಡ್ 5 ಎಂಎಂಗೆ ಬರುವಷ್ಟರಲ್ಲಿ ಬಿಟ್ ಜೊತೆಗೇ ತಿರುಗಿ ಹೊರಬರುವುದುಂಟು. 3, 5, 6.5 ಎಂಎಂ ಕ್ರಮದಲ್ಲಿ, ಕಡಿಮೆ ವೇಗದಲ್ಲಿ, ಕಟಿಂಗ್ ಆಯಿಲ್ ಹಾಕುತ್ತಾ ಹೋಗಿ. ತೊಂದರೆ ಸೆಂಟರಿನದು. ಮುರಿದ ಮುಖ ಓರೆಯಿರುತ್ತೆ, ಬಿಟ್ ಜಾರಿ ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಓಡುತ್ತೆ. ಲೇತ್‌ನಲ್ಲಿ ಒಂದು ಬುಷ್ ಮಾಡಿಸಿ: ಹೊರ ಅಳತೆ ಮ್ಯಾನಿಫೋಲ್ಡ್ ತೂತಿಗೆ ಸರಿಯಾಗಿ, ಒಳಗೆ 3 ಎಂಎಂ. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್‌ಗಳಿಗೆ ಕೂರಿಸಿ ಬುಷ್ ಮೂಲಕ ಕೊರೆದರೆ ಸೆಂಟರ್ ತಪ್ಪುವುದಿಲ್ಲ. ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಕಡೆಯ ಮ್ಯಾನಿಫೋಲ್ಡ್ ಆದರೆ ರೈಟ್ ಆಂಗಲ್ ಡ್ರಿಲ್ ಇಲ್ಲದೆ ಆಗದು.

ಹೊಳೆಯುವ ಮುಖದ, ಹಟ ಹಿಡಿದ ಸ್ಟಡ್ಡಿಗೆ ವೆಲ್ಡಿಂಗನ್ನು ಮೀರಿಸಿದ್ದು ಇಲ್ಲ. ಮಿಗ್‌ನಲ್ಲಿ (ವೈರ್ ತಾನಾಗಿ ಹೊರಬರುವ ವೆಲ್ಡಿಂಗ್) 0.8 ಎಂಎಂ ವೈರ್. ಮೊದಲು ಸ್ಟಡ್ ಮೇಲೆ ಸಣ್ಣ ಗುಡ್ಡೆ ಕಟ್ಟಿ, ಅದರ ಮೇಲೆ ವಾಷರ್ ಇಟ್ಟು ವೆಲ್ಡ್ ಮಾಡಿ, ಆಮೇಲೆ ನಟ್ ಇಟ್ಟು ನಡುವಿನಿಂದ ಹೊರಕ್ಕೆ ತುಂಬಿ. ಹೆಡ್‌ನ ಅಲ್ಯೂಮಿನಿಯಂಗೆ ಉಕ್ಕಿನ ವೆಲ್ಡ್ ಹಿಡಿಯುವುದಿಲ್ಲ, ಅದೇ ಇಲ್ಲಿ ಅನುಕೂಲ. ಸಮನಾಗಿ ಮುರಿದಿದ್ದರೆ ಎಂ10 ನಟ್ ಒಳ್ಳೆಯದು, ವೆಲ್ಡಿಂಗ್ ಟಾರ್ಚಿನ ತುದಿ ಒಳಗೆ ಹೋಗಲು ಜಾಗ ಸಿಗುತ್ತೆ. ಸತು ಲೇಪದ ನಟ್ ಬೇಡ. ಹೊಗೆ ವಿಷ, ವೆಲ್ಡೂ ತೂತು ತೂತಾಗುತ್ತೆ. ಆರ್ಕ್ ಒಂದೇ ಇದ್ದರೆ 2.5 ಎಂಎಂ ರಾಡ್‌ನಲ್ಲೂ ಆಗುತ್ತೆ, ಆದರೆ ನಟ್ ಒಳಗೆ ಸ್ಲ್ಯಾಗ್ ಸಿಕ್ಕಿಕೊಂಡು ಹಿಡಿತ ಕಡಿಮೆ. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ, ಅರ್ತ್ ಕ್ಲಾಂಪ್ ಹೆಡ್‌ಗೇ ಹಾಕಿ.

ಕೆಂಪು ಆರಿದ ಮೇಲೆ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿ, ಕರಗಿದ ಮೇಣ ಥ್ರೆಡ್‌ಗೆ ಇಳಿಯುತ್ತೆ. ಒಮ್ಮೆಲೇ ಬಿಚ್ಚಲು ಹೋಗಬೇಡಿ. ಕೂದಲೆಳೆಯಷ್ಟು ಬಿಗಿ, ಅಷ್ಟೇ ಬಿಚ್ಚಿ, ಮತ್ತೆ ಬಿಗಿ. ಮೊದಲ ನಟ್ ಕಿತ್ತು ಬಂದರೆ ಗಾಬರಿ ಬೇಡ. ಪ್ರತಿ ಸಲದ ಬಿಸಿಗೂ ತುಕ್ಕಿನ ಹಿಡಿತ ಬಿಡುತ್ತೆ, ಎರಡು-ಮೂರನೇ ನಟ್‌ಗೆ ಸಾಮಾನ್ಯವಾಗಿ ಬರುತ್ತೆ.

ಅದೂ ಸೋತರೆ 6.8 ಎಂಎಂವರೆಗೆ ಕೊರೆದು, ಉಳಿದ ಥ್ರೆಡ್ ಸುರುಳಿಯನ್ನು ಚೂಪು ಮೊಳೆಯಿಂದ ಎಳೆದು ಟ್ಯಾಪ್ (ಥ್ರೆಡ್ ಕೊರೆಯುವ ಟೂಲ್) ಹಾಕಿ. ಸೆಂಟರ್ ತಪ್ಪಿ ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ), ಕಿಟ್ ಜೊತೆ ಬರುವ ಡ್ರಿಲ್ ಮತ್ತು ಟ್ಯಾಪ್‌ನಲ್ಲೇ. ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಕೆಲವು ಹೆಡ್‌ಗಳಲ್ಲಿ ಈ ತೂತು ಕೂಲೆಂಟ್ ದಾರಿಗೆ ತೆರೆದಿರುತ್ತೆ, ಅಲ್ಲಿ ಹೊಸ ಸ್ಟಡ್ಡಿಗೆ ಸೀಲೆಂಟ್ ಬೇಕು.

ಮುಚ್ಚುವ ಮೊದಲು ಮ್ಯಾನಿಫೋಲ್ಡ್ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಡೊಂಕಿದ್ದರೆ ಫೇಸಿಂಗ್ ಮಾಡಿಸಿ, ಇಲ್ಲದಿದ್ದರೆ ಹೊಸ ಸ್ಟಡ್ಡೂ ಅಲ್ಲೇ ಹೋಗುತ್ತೆ. ಹೊಸ ಗ್ಯಾಸ್ಕೆಟ್, ತಾಮ್ರ ಲೇಪದ ಹೊಸ ನಟ್ ಹಾಕಿ, ನಡುವಿನಿಂದ ತುದಿಗೆ ಬಿಗಿಯುತ್ತಾ ಹೋಗಿ.