ಎಂಜಿಬಿ ಕೊಳ್ಳುವವರು ಬಂಪರ್‌ಗಿಂತ ಮೊದಲು ನೋಡಬೇಕಾದದ್ದು

ಹಳೆಯ ಎಂಜಿಬಿ ರೋಡ್‌ಸ್ಟರ್, ಅಂದರೆ ಛಾವಣಿ ತೆಗೆಯಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೊಳ್ಳಲು ಹೊರಟವರು ಇಂಗ್ಲೆಂಡಿನಲ್ಲಿ ಮೊದಲು ಕೇಳಿಸಿಕೊಳ್ಳುವ ಪ್ರಶ್ನೆ, ಕ್ರೋಮ್ ಬಂಪರೋ ರಬ್ಬರ್ ಬಂಪರೋ ಎಂಬುದು. ಕ್ರೋಮ್ ಎಂದರೆ ಮೆಚ್ಚುಗೆ, ರಬ್ಬರ್ ಎಂದರೆ ಮೂಗು ಮುರಿಯುವುದು. 1978ರ ರಬ್ಬರ್ ಬಂಪರ್ ಕಾರನ್ನು ಹಲವು ವರ್ಷಗಳಿಂದ ಓಡಿಸುತ್ತಿದ್ದೇನೆ, ಗೆಳೆಯರ ಹಳೆಯ ಮಾದರಿಗಳನ್ನೂ ಬೇಕಾದಷ್ಟು ಓಡಿಸಿದ್ದೇನೆ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುವುದೇ ನನ್ನ ಮಾತು. ಮೊದಲು ಕಾರಿನ ಸಿಲ್, ಅಂದರೆ ಬಾಗಿಲಿನ ಕೆಳಗಿನ ತಗಡಿನ ತೊಲೆ, ಗಟ್ಟಿಯಾಗಿದೆಯೇ ನೋಡಿ, ಆಮೇಲೆ ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್ ಇದೆಯೇ ನೋಡಿ.

ಬೆಂಗಳೂರಿನ ನೆಂಟರಿಗೆ ಎಂಜಿ ಎಂದರೆ 2019ರಲ್ಲಿ ಬಂದ ಹೆಕ್ಟರ್. ಹೆಸರು ಅದೇ. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ನಿಂದ ಹುಟ್ಟಿದ ಹೆಸರು ಅದು. ಎಂಜಿಬಿ ತಯಾರಾದದ್ದು ಅಲ್ಲಿಗೆ ಹತ್ತಿರದ ಅಬಿಂಗ್ಡನ್ ಊರಿನಲ್ಲಿ, 1962ರಿಂದ 1980ರವರೆಗೆ. ಛಾವಣಿಯಿರುವ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ಇದಕ್ಕಿಂತ ಹಿಂದಿನ ಎಂಜಿಎ ಕಾರಿಗೆ ಭಾರ ಹೊರುವ ಪ್ರತ್ಯೇಕ ಚೌಕಟ್ಟು, ಅಂದರೆ ಚಾಸಿ, ಇತ್ತು. ಎಂಜಿಬಿಗೆ ಇಲ್ಲ, ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಅದರಲ್ಲೂ ರೋಡ್‌ಸ್ಟರ್ ಎಂದರೆ ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯ ಹಾಗೆ. ಅದು ಬಾಗದಂತೆ ಹಿಡಿದಿಡುವ ಕೆಲಸದ ಬಹುಪಾಲು ಬಾಗಿಲಿನ ಕೆಳಗಿನ ಸಿಲ್‌ಗಳದ್ದು.

ಈ ಸಿಲ್ ಒಂದೇ ತಗಡಲ್ಲ. ಹೊರಗೊಂದು ಹಾಳೆ, ಒಳಗೊಂದು, ನಡುವೆ ಇನ್ನೊಂದು, ತಳದಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಒಳಗೆ ಸೇರಿ ತುಕ್ಕು ಒಳಗಿನಿಂದಲೇ ಶುರುವಾಗುತ್ತದೆ, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗಿನ ಹಾಳೆ ಪುಡಿಯಾಗಿರುತ್ತದೆ. ಹೊರಹಾಳೆಯ ಮುಂದಿನ ತುದಿ ಚಕ್ರದ ಮೇಲಿನ ತಗಡಾದ ವಿಂಗ್‌ನ ಕೆಳಗೆ ಹೋಗಿ ಅಡಗಿದೆ. ಹಾಗಾಗಿ ವಿಂಗ್ ಅನ್ನು ಬಿಚ್ಚದೆ ಅಥವಾ ಅದರ ಕೆಳಭಾಗವನ್ನು ಕತ್ತರಿಸದೆ ಸಿಲ್ ಅನ್ನು ಸರಿಯಾಗಿ ಬದಲಿಸಲು ಆಗುವುದಿಲ್ಲ. ಆ ಖರ್ಚು ತಪ್ಪಿಸಲು ಹಳೆಯ ತುಕ್ಕಿನ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದ ಕಾರುಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಹೊಳಪು ನೋಡಿ ಮರುಳಾಗಬೇಡಿ. ನೆಲದ ಮೇಲೆ ಮಲಗಿ, ಬಾಗಿಲಿನ ಕೆಳಗಿನ ಅಂಚಿನುದ್ದಕ್ಕೂ ಬೆರಳಾಡಿಸಿ. ಹಾಳೆಗಳು ಕೂಡುವ ಸೀಮು ಸ್ಪಷ್ಟವಾಗಿ ಸಿಗಬೇಕು. ಅದರ ಬದಲು ನುಣ್ಣನೆಯ ಪುಟ್ಟಿ, ದಪ್ಪ ಟಾರು ಸಿಕ್ಕರೆ ಅಲ್ಲಿ ಏನನ್ನೋ ಮುಚ್ಚಿದ್ದಾರೆ ಎಂದೇ ತಿಳಿಯಿರಿ. ಬಳಿಕ ಮಾಲೀಕರ ಒಪ್ಪಿಗೆ ಪಡೆದು ಜಾಕ್ ಹಾಕುವ ಜಾಗದಲ್ಲಿ ಕಾರನ್ನು ಎತ್ತಿ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ. ಬಾಗಿಲಿನ ಹಿಂದಿನ ಸಂದು ಬದಲಾಗಿ ಬಾಗಿಲು ಉಜ್ಜತೊಡಗಿದರೆ ಅಲ್ಲಿಂದ ಹೊರಡಿ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಹೊಸ ಬಾಡಿಶೆಲ್‌ಗಳನ್ನೇ, ಅಂದರೆ ಕಾರಿನ ಬರಿ ಬಾಡಿಯನ್ನೇ, ತಯಾರಿಸುತ್ತಿದೆ. ಅಂಥ ಶೆಲ್ ಮೇಲೆ ಮರುಕಟ್ಟಿದ ಕಾರು ರಸೀದಿ ಸಮೇತ ಸಿಕ್ಕಿದರೆ ಅದರ ಇಸವಿ ಯಾವುದಾದರೂ ಆಗಲಿ, ಗಂಭೀರವಾಗಿ ಯೋಚಿಸಿ.

ಇನ್ನು ಮಾದರಿಗಳು. 1962ರಿಂದ 1965ರ ನಡುವಿನವುಗಳಲ್ಲಿ ಬಾಗಿಲಿನ ಹಿಡಿಕೆಯನ್ನು ಎಳೆದು ತೆರೆಯಬೇಕು. ನೋಡಲು ಎಲ್ಲಕ್ಕಿಂತ ಚೆಲುವು ಇವೇ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಎಂಜಿನ್ ಎಲ್ಲ ವರ್ಷಗಳಲ್ಲೂ 1798 ಸಿಸಿ. ಆದರೆ 1964ರವರೆಗೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ಮೂರೇ ಮುಖ್ಯ ಬೇರಿಂಗ್, ಬಳಿಕ ಐದು. ಮೂರು ಬೇರಿಂಗಿನದು ಚುರುಕಾಗಿ ಏರುತ್ತದೆ, ಐದರದು ಹೆಚ್ಚು ಕಾಲ ಬಾಳುತ್ತದೆ. ಈ ಆರಂಭದ ಕಾರುಗಳಲ್ಲಿ ಮೊದಲ ಗೇರಿಗೆ ಸಲೀಸಾಗಿ ಬದಲಿಸಲು ನೆರವಾಗುವ ಸಿಂಕ್ರೋಮೆಶ್ ಇಲ್ಲ, ಕಾರು ಪೂರ್ತಿ ನಿಲ್ಲದೆ ಅದಕ್ಕೆ ಹಾಕಲು ಹೋದರೆ ಗೇರ್‌ಬಾಕ್ಸ್ ಗೊರಗೊರ ಎನ್ನುತ್ತದೆ. ನಗರದ ದಟ್ಟಣೆಯಲ್ಲಿ ಇದು ಬೇಸರ ತರಿಸುತ್ತದೆ.

1967ರ ಕೊನೆಗೆ ಬಂದ ಎರಡನೇ ಆವೃತ್ತಿಯಲ್ಲಿ (ಮಾರ್ಕ್ 2) ನಾಲ್ಕೂ ಗೇರಿಗೆ ಸಿಂಕ್ರೋಮೆಶ್ ಬಂತು, ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಅಲ್ಲಿಂದ 1974ರವರೆಗಿನ ಕ್ರೋಮ್ ಬಂಪರ್ ಕಾರು ಚೆಲುವಿಗೂ ಬಳಕೆಗೂ ಒದಗುತ್ತದೆ. ಹೆಚ್ಚಿನವರು ಬಯಸುವುದೂ ಇದನ್ನೇ, ಬೆಲೆ ಏರಿರುವುದೂ ಇದಕ್ಕೇ. ಒಂದು ತೊಂದರೆ ಮಾತ್ರ ಹೇಳಬೇಕು. ಸೀಟುಗಳ ಹಿಂದೆ ನೆಲದಡಿಯಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿದ್ದಾರೆ. ಕಣ್ಣಿಗೆ ಬೀಳದ ಜಾಗವಾದ್ದರಿಂದ ಅವುಗಳನ್ನು ಇಟ್ಟಿರುವ ತಟ್ಟೆ ಸದ್ದಿಲ್ಲದೆ ಕೊಳೆಯುತ್ತದೆ. ಕೊಳ್ಳುವ ಮುನ್ನ ಕಾರ್ಪೆಟ್ ಎತ್ತಿಸಿ ಟಾರ್ಚ್ ಬಿಟ್ಟು ನೋಡಿ.

1974ರ ಕೊನೆಗೆ ಬಂದ ಬದಲಾವಣೆಗೆ ಕಾರಣ ಅಮೆರಿಕ. ಎಂಜಿಬಿಗಳಲ್ಲಿ ಬಹುಪಾಲು ಹೋಗುತ್ತಿದ್ದದ್ದು ಅಲ್ಲಿಗೆ. ಗಂಟೆಗೆ ಐದು ಮೈಲಿ ವೇಗದ ಡಿಕ್ಕಿಯನ್ನು ಬಂಪರ್ ತಾಳಬೇಕು, ಅದು ಇಂತಿಷ್ಟು ಎತ್ತರದಲ್ಲಿರಬೇಕು ಎಂಬ ನಿಯಮ ಅಲ್ಲಿ ಬಂದಿತ್ತು. ಅದಕ್ಕಾಗಿ ದಪ್ಪ ಕರಿ ಬಂಪರ್ ಹಾಕಿ, ಇಡೀ ಕಾರನ್ನು ಸುಮಾರು ಒಂದೂವರೆ ಇಂಚು ಮೇಲೆತ್ತಿದರು. ಸಾಲದ್ದಕ್ಕೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನು, ಅಂದರೆ ಆ್ಯಂಟಿ-ರೋಲ್ ಬಾರನ್ನು, ರೋಡ್‌ಸ್ಟರಿನ ಮುಂಭಾಗದಿಂದ ತೆಗೆದುಹಾಕಿದರು. ಆ ಎರಡು ವರ್ಷಗಳ ಕಾರು ತಿರುವಿನಲ್ಲಿ ಹೊರಕ್ಕೆ ವಾಲುವುದು ನಿಜ. ರಬ್ಬರ್ ಬಂಪರಿಗೆ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ ಈ ಅವಧಿಯಿಂದ.

ಆದರೆ 1976ರ ನಡುವಿನಲ್ಲಿ ಅದನ್ನು ಸರಿಪಡಿಸಿದರು, ಈ ಸಂಗತಿಯನ್ನು ಟೀಕಿಸುವವರು ಹೇಳುವುದೇ ಇಲ್ಲ. ಮುಂದೆಯೂ ಹಿಂದೆಯೂ ಆ್ಯಂಟಿ-ರೋಲ್ ಬಾರ್ ಕೊಟ್ಟರು. ಎಂಜಿನ್ನಿನಿಂದ ತಿರುಗುತ್ತಿದ್ದ ಫ್ಯಾನ್ ಬದಲು ವಿದ್ಯುತ್ ಫ್ಯಾನ್ ಬಂತು. ಬ್ಯಾಟರಿ ಅಷ್ಟರಲ್ಲೇ ಹನ್ನೆರಡು ವೋಲ್ಟಿನದು ಒಂದೇ ಆಗಿತ್ತು. ಓವರ್‌ಡ್ರೈವ್ ಸ್ವಿಚ್ ಗೇರ್ ಗುಂಡಿಯ ನೆತ್ತಿಯ ಮೇಲೆ ಬಂದು ಕೂತಿತು. ಸ್ಟೀರಿಂಗ್ ಮೊದಲಿಗಿಂತ ಹಗುರ, ಆದರೆ ತುಸು ಹೆಚ್ಚು ತಿರುಗಿಸಬೇಕು. ಇದೊಂದು ನನಗೆ ಹಿಡಿಸಿಲ್ಲ, ಅಂಕುಡೊಂಕು ಹಾದಿಯಲ್ಲಿ ಹಳೆಯ ಕಾರಿನ ಸ್ಟೀರಿಂಗೇ ಚೆನ್ನ. ನನ್ನ ಕಾರಿನ ಪಟ್ಟೆಪಟ್ಟೆ ಬಟ್ಟೆಯ ಸೀಟುಗಳನ್ನು ನೋಡಿ ಕೆಲವರು ಮುಖ ಸಿಂಡರಿಸುತ್ತಾರೆ. ಬೇಸಿಗೆಯಲ್ಲಿ ಮೇಲಿನ ಬಟ್ಟೆಯ ಹುಡ್ ತೆಗೆದು ಗಂಟೆಗಟ್ಟಲೆ ಕೂತರೂ ಬೆನ್ನು ಬೆವರುವುದಿಲ್ಲವಾದ್ದರಿಂದ ನಾನು ಅವುಗಳನ್ನು ಬದಲಿಸುವುದಿಲ್ಲ.

ಓವರ್‌ಡ್ರೈವ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅದಿಲ್ಲದ ಎಂಜಿಬಿ ಮೋಟರ್‌ವೇಯಲ್ಲಿ ಗಂಟೆಗೆ 70 ಮೈಲಿ ವೇಗಕ್ಕೆ ನಿಮಿಷಕ್ಕೆ 3,900 ಸುತ್ತುಗಳ ಆಸುಪಾಸಿನಲ್ಲಿ ಕಿರುಚುತ್ತಿರುತ್ತದೆ. ಹೆಬ್ಬೆರಳಿನಿಂದ ಸ್ವಿಚ್ ಒತ್ತಿದೊಡನೆ ಸೂಜಿ 3,200ರ ಹತ್ತಿರಕ್ಕೆ ಜಾರುತ್ತದೆ, ಪಕ್ಕದಲ್ಲಿ ಕೂತವರ ಮಾತು ಮತ್ತೆ ಕೇಳಿಸುತ್ತದೆ. ಬಹಳ ವರ್ಷಗಳ ಕಾಲ ಇದನ್ನು ಹೆಚ್ಚುವರಿ ಹಣಕ್ಕೆ ಮಾತ್ರ ಕೊಡುತ್ತಿದ್ದರು, ಆದ್ದರಿಂದ ಕ್ರೋಮ್ ಕಾರುಗಳಲ್ಲಿ ಎಷ್ಟೋ ಇದಿಲ್ಲದವೇ. ಪರೀಕ್ಷಾರ್ಥ ಓಡಿಸುವಾಗ ಕಾರು ಚೆನ್ನಾಗಿ ಬಿಸಿಯಾದ ಮೇಲೂ ಅದು ಹಿಡಿಯುತ್ತದೆಯೇ, ಬಿಡುತ್ತದೆಯೇ ನೋಡಿ.

ನಿರ್ವಹಣೆಯಲ್ಲಿ ಇದು ಎಲ್ಲ ಮಾದರಿಗಳಲ್ಲೂ ಸರಳ. ಮುಂಚಕ್ರಗಳು ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಪ್ರತಿ 3,000 ಮೈಲಿಗೆ ಗ್ರೀಸ್ ತುಂಬಿಸಬೇಕು, ಆಗ ಚಕ್ರದ ಮೇಲಿನ ಭಾರ ತೆಗೆದಿದ್ದರೆ ಗ್ರೀಸ್ ಎಲ್ಲೆಡೆ ತಲುಪುತ್ತದೆ. ಎಸ್‌ಯು ಎಂಬ ಕಂಪನಿಯ ಎರಡು ಕಾರ್ಬ್ಯುರೇಟರ್‌ಗಳ ಮೇಲ್ಭಾಗದ ಎಣ್ಣೆ ಕುಳಿಯಾದ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯೇ ಎಂದು ಆಗಾಗ ನೋಡಬೇಕು. ಅದು ಒಣಗಿದರೆ ಆಕ್ಸಲರೇಟರ್ ಒತ್ತಿದಾಗ ಕಾರು ಒಂದು ಕ್ಷಣ ತಡವರಿಸುತ್ತದೆ. 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ ಹತ್ತರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಅದು ಕೆಡಿಸುತ್ತದೆ. ಪೈಪು ಬದಲಿಸಿ, ಸಾಧ್ಯವಾದರೆ ಶೇಕಡಾ ಐದರ ದುಬಾರಿ ಪೆಟ್ರೋಲನ್ನೇ ಹಾಕಿಸಿ. ಬಿಡಿಭಾಗಗಳಿಗೆ ಕೊರತೆಯೇ ಇಲ್ಲ. ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯಿಲ್ಲ, ಕಡ್ಡಾಯ ವಾರ್ಷಿಕ ತಪಾಸಣೆಯೂ ಇಲ್ಲ. ತಪಾಸಣೆಯನ್ನು ಮಾತ್ರ ನಾನು ಪ್ರತಿ ವರ್ಷ ಮಾಡಿಸುತ್ತೇನೆ, ಬ್ರೇಕಿನ ವಿಷಯದಲ್ಲಿ ಇನ್ನೊಂದು ಜೋಡಿ ಕಣ್ಣು ಇರಲೇಬೇಕು.

ಇಂಗ್ಲೆಂಡಿನಲ್ಲಿ ಮನಸ್ಸಿಗೊಪ್ಪುವ ಸಿಲ್ ಸಿಗದಿದ್ದರೆ ಕ್ಯಾಲಿಫೋರ್ನಿಯಾದಂಥ ಒಣ ಹವೆಯ ಜಾಗಗಳಿಂದ ಮರಳಿ ತಂದ ಕಾರುಗಳನ್ನೂ ನೋಡಿ. ಬಾಡಿ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿರುತ್ತದೆ, ಬಿಸಿಲಿಗೆ ಡ್ಯಾಶ್‌ಬೋರ್ಡ್ ಮಾತ್ರ ಬಿರಿದಿರುತ್ತದೆ. 1975ರಿಂದಾಚೆಗೆ ಅಮೆರಿಕಕ್ಕೆ ಕಳಿಸಿದ ಕಾರುಗಳಲ್ಲಿ ಒಂದೇ ಜೆನಿತ್-ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್ ಇದ್ದು ಶಕ್ತಿ ಬಹಳ ಕಡಿಮೆ. ಎಂಜಿನ್ನಿಗೆ ಕಾರ್ಬ್ಯುರೇಟರ್ ಜೋಡಿಸುವ ಕೊಳವೆಯಾದ ಮ್ಯಾನಿಫೋಲ್ಡ್ ಬದಲಿಸಿ ಜೋಡಿ ಎಸ್‌ಯು ಹಾಕಿದರೆ ಅದು ಸರಿಹೋಗುತ್ತದೆ. ಎಡಗಡೆಯ ಸ್ಟೀರಿಂಗನ್ನು ಬಲಕ್ಕೆ ಬದಲಿಸುವುದೂ ಈ ಕಾರಿನಲ್ಲಿ ಕಷ್ಟದ ಕೆಲಸವಲ್ಲ. ಆ ಎರಡಕ್ಕೂ ತಗಲುವ ಹಣವನ್ನು ಮೊದಲೇ ಲೆಕ್ಕ ಹಾಕಿ, ಬೆಲೆಯಲ್ಲಿ ಅಷ್ಟನ್ನು ಇಳಿಸಿ ಕೇಳಿ.