ಇಮೊಬಿಲೈಸರ್ ಇರುವ ಕಾರು, ಮಲೆನಾಡಿನ ಮಳೆ: ಬಳಸಿ ನೋಡಿದ ಮೇಲೆ

ಇಮೊಬಿಲೈಸರ್ ಅಂದರೆ ಅಸಲಿ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ. ಕಳ್ಳತನ ತಡೆಯುವುದರಲ್ಲಿ ಇದಕ್ಕೆ ಪೂರ್ತಿ ಅಂಕ. ತಕರಾರು ಒಂದೇ: ಆಷಾಢದ ಮಳೆ ಹಿಡಿದರೆ ಅಸಲಿ ಕೀಯನ್ನೂ ಗುರುತಿಸದೆ ಕೈಕೊಡುತ್ತದೆ. ಎಂಜಿನ್ ಹತ್ತಿಕೊಂಡು ಒಂದೆರಡು ಸೆಕೆಂಡಿಗೆ ಆರುತ್ತದೆ, ಇಲ್ಲವೇ ಸ್ಟಾರ್ಟರ್ ತಿರುಗಿದರೂ ಹತ್ತುವುದೇ ಇಲ್ಲ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಲೇ ಇರುತ್ತದೆ.

ತೀರ್ಥಹಳ್ಳಿ, ಹೊಸನಗರ ಕಡೆ ಎಲ್ಲರೂ ಮೊದಲು ರಿಮೋಟಿನ ಸೆಲ್ ಬದಲಿಸುತ್ತಾರೆ. ದಂಡ. ಆ ಸೆಲ್ ಬಾಗಿಲಿನ ಗುಂಡಿಗೆ ಮಾತ್ರ. ಎಂಜಿನ್‌ಗೆ ಅನುಮತಿ ಕೊಡುವ, ಕೀಯೊಳಗಿನ ಚಿಪ್‌ಗೆ ಸೆಲ್ಲೇ ಬೇಡ: ಇಗ್ನಿಷನ್ ಲಾಕಿನ ಸುತ್ತಲಿನ ತಾಮ್ರದ ಸುರುಳಿ ಸುಮಾರು 125 ಕಿಲೋಹರ್ಟ್ಸ್ ಕಾಂತಕ್ಷೇತ್ರ ಹೊಮ್ಮಿಸುತ್ತದೆ, ಚಿಪ್‌ಗೆ ಕರೆಂಟು ಅದರಿಂದಲೇ. ಕಾರಿನ ಕಂಪ್ಯೂಟರ್ ಪ್ರತಿ ಸಲ ಹೊಸ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನ ಗುಪ್ತ ಸಂಕೇತದಿಂದ ಲೆಕ್ಕ ಹಾಕಿ ಉತ್ತರಿಸಬೇಕು. ಉತ್ತರ ಕೂಡದಿದ್ದರೆ ಇಂಧನ ಬಿಡುವುದಿಲ್ಲ. ವೈರ್ ಜೋಡಿಸಿ ಓಡಿಸಿಕೊಂಡು ಹೋಗುವ ಹಳೆಯ ವಿದ್ಯೆ ಇಲ್ಲಿ ನಡೆಯದು.

ಇಷ್ಟು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಶಿವಮೊಗ್ಗಕ್ಕೆ ಟೋ ಮಾಡಿಸುವ ಮೊದಲು ಗೊಂಚಲಿನಿಂದ ಬೇರೆ ಚಿಪ್ ಕೀಗಳನ್ನು ಕಳಚಿ. ಪಕ್ಕದಲ್ಲಿ ಇನ್ನೊಂದು ಚಿಪ್ ಇದ್ದರೆ ಓದುವಿಕೆ ಕೆಡುತ್ತದೆ. ಬ್ಯಾಟರಿ ಅಳೆಯಿರಿ: ನಿಂತಾಗ 12.6 ವೋಲ್ಟ್ ಇರಬೇಕು, ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ತಪ್ಪು ಬ್ಯಾಟರಿಯದೇ ಇರಬಹುದು. ಆಮೇಲೆ ಸ್ಪೇರ್ ಕೀ ಹಾಕಿ. ಅದಕ್ಕೆ ಹತ್ತಿದರೆ ಮೊದಲ ಕೀಯ ಚಿಪ್ ಹೋಗಿದೆ. ಎರಡಕ್ಕೂ ಹತ್ತದಿದ್ದರೆ ಸುರುಳಿಯ ಕನೆಕ್ಟರ್ ನೋಡಿಸಿ. ಇಲ್ಲಿನ ತೇವಕ್ಕೆ ಪಿನ್‌ಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ಸ್ಟೀರಿಂಗ್ ಕೆಳಗಿನ ಕವರ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದರೆ ಸಾಕಾಗಬಹುದು. ಏರ್‌ಬ್ಯಾಗ್ ಇರುವ ಜಾಗ, ತಿಳಿದವರೇ ಕೈ ಹಾಕಲಿ. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸುವ ಕಾರಾದರೆ ಇಲಿ ಕಡಿದ ವೈರನ್ನೂ ಹುಡುಕಿ.

ದಿನಾ ಬೆಳಿಗ್ಗೆ ಕೀ ಆನ್ ಮಾಡಿ, ಪೆಟ್ರೋಲ್ ಪಂಪಿನ ಗುಂಯ್ ಸದ್ದು ನಿಂತು ಕೀ ದೀಪ ಆರುವವರೆಗೆ ತಾಳುವುದು ಈಗ ಇಷ್ಟದ ಅಭ್ಯಾಸ. ತೊಂದರೆ ಇದ್ದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ.

ಕೀ ಕವರ್ ಬದಲಿಸುವಾಗ ಮಾತ್ರ ಎಚ್ಚರ. ಕೆಲವು ಕೀಗಳಲ್ಲಿ ಚಿಪ್ ಸರ್ಕ್ಯೂಟಿನಿಂದ ಬೇರೆಯಾಗಿ, ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಚೂರಾಗಿ ಹಳೆಯ ಕವಚದಲ್ಲೇ ಕೂತಿರುತ್ತದೆ. ಕವಚದ ಜೊತೆ ಅದೂ ಕಸಕ್ಕೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎರಡೂ ಕೀ ಕೈಗೆ ಬಂದು, ಎರಡರಿಂದಲೂ ಎಂಜಿನ್ ಹತ್ತಿದ್ದನ್ನು ನೋಡಿದ ಮೇಲೆಯೇ ಹಣ ಕೊಡಿ. ಕಳುವಾದರೆ ವಿಮೆಯವರು ಕೇಳುವುದೂ ಆ ಎರಡು ಕೀಗಳನ್ನೇ.